ಲಂಡನ್ನಿನ ಗೋಡೆಗೆ ಅಕ್ಕನ ಕೌದಿ

ಊರಿಗೆ ಹಿಂತಿರುಗಿದ ಮೇಲೆ ಜನ ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ. ಅಲ್ಲಿ ಊಟಕ್ಕೇನು ಮಾಡಿದಿರಿ, ಥಂಡಿ ಹೇಗೆ ತಡೆದಿರಿ, ಅರಮನೆ ಒಳಗೆ ಬಿಟ್ಟರಾ. ಊಟಕ್ಕೆ ಬೇಯಿಸಿದ ಆಲೂಗಡ್ಡೆ. ಥಂಡಿ ತಡೆಯಲಾಗಲಿಲ್ಲ. ಅರಮನೆಯ ಗೇಟಿನ ಹತ್ತಿರ ಪೊಲೀಸಿನವನು ಮುಂದೆ ನಡೆ ಎಂದ. ಅಲ್ಲಿಗೆ ಅವರ ಕುತೂಹಲ ಮುಗಿಯಿತು. ನಾನು ಅಷ್ಟು ದೂರ ಹೋಗಿದ್ದು ನನ್ನ ಚಿತ್ರಗಳನ್ನು ತೋರಿಸಲಿಕ್ಕೆ. ಅವುಗಳ ಗತಿ ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತೆಂದು ಎರಡು ವರ್ಷ ಊರವರೆದುರು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಬರೆದುಬಿಡುತ್ತೇನೆ.

ಕಂಪ್ಲಿ

ನಾನು ಹೊಸಪೇಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಭಾನುವಾರ ಹಂಪಿಗೆ ಸೈಕಲ್ ತುಳಿದು, ಬಂಡೆಯ ಮೇಲೆ ಕೂತು, ಗುಡಿ ಮಂಟಪ ಹೊಳೆಗಳನ್ನು ನೀರುಬಣ್ಣದಲ್ಲಿ ಬರೆಯುವುದು ನನ್ನ ಚಟ. ಒಂದು ಭಾನುವಾರ ಹಾಳೂರು ನೋಡಲು ಬಂದ ಇಂಗ್ಲಿಷ್ ದೊರೆಸಾನಿಯೊಬ್ಬಳು ನನ್ನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದಳು. ತನಗೆ ಲಂಡನ್ನಿನಲ್ಲಿ ಒಂದು ಗ್ಯಾಲರಿ ಇದೆ, ಈಗ ಬದುಕಿರುವ ಕಲಾವಿದರ ಹೊಸ ಕೆಲಸವನ್ನು ಗೋಡೆಗೆ ಹಾಕಿ ಮಾರುವುದೇ ತನ್ನ ವ್ಯಾಪಾರ, ಆ ಕಡೆ ಬಂದರೆ ಚಿತ್ರಗಳನ್ನು ತನ್ನಿ ಎಂದು ವಿಳಾಸದ ಚೀಟಿ ಕೊಟ್ಟಳು. ಹೊರಡುವಾಗ ಹಾಗೆ ಹೇಳುವುದು ಆ ಜನರ ರೂಢಿ. ಹೊರಟುನಿಂತವರಿಗೆ ನಾವು ಹೊಸ್ತಿಲಲ್ಲಿ ನಿಂತು ‘ಊಟ ಮಾಡಿಕೊಂಡು ಹೋಗ್ರಿ’ ಎನ್ನುವುದಿಲ್ಲವೇ, ಹಾಗೆ. ನಾನು ಎಲೆಯ ಮುಂದೆ ಕೂತೇಬಿಟ್ಟೆ.

ದಾರಿಯೂ ತಾನಾಗಿ ಸಿಕ್ಕಿತು. ಸಂಡೂರಿನ ಗುಡ್ಡದಿಂದ ಅದಿರು ಸಾಗಿಸುವ ಗುತ್ತಿಗೆ ಹಿಡಿದಿದ್ದ ರುದ್ರಪ್ಪ ಸಾಹುಕಾರರಿಗೆ ಎರಡೂ ಕಣ್ಣು ಮಂಜಾಗಿದ್ದವು. ಮದ್ರಾಸಿನ ಡಾಕ್ಟರು ಕೈಚೆಲ್ಲಿದ ಮೇಲೆ ಅವರು ಲಂಡನ್ನಿಗೆ ಹೊರಟಿದ್ದರು. ಇಂಗ್ಲಿಷ್ ಓದಿ ಹೇಳಲು, ಕೈಹಿಡಿದು ನಡೆಸಲು ಒಬ್ಬ ಬೇಕಿತ್ತು. ಅವರಿಗೆ ಕಣ್ಣಿಲ್ಲ, ನನಗೆ ಟಿಕೇಟಿಲ್ಲ. ಜೋಡಿ ಚೆನ್ನಾಗಿ ಕೂಡಿತು.

ಹೊರಡುವ ಮುನ್ನ ಅಕ್ಕನಿಗೆ ಹೇಳಿ ಬರಲು ಕಂಪ್ಲಿಗೆ ಹೋದೆ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಹದಿನೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೇ ಅವಳು. ಅವಳ ಕೈ ಎಂದರೆ ಊರಿಗೆಲ್ಲ ಗೊತ್ತು. ಬಾಣಂತನವಿರಲಿ, ಮದುವೆಯಿರಲಿ, ಹಳೆಯ ಬಟ್ಟೆಯ ಗಂಟು ಅವಳ ಮುಂದೆ ತಂದಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹೊದೆಯಲು ಕೌದಿಯಾಗುತ್ತಿತ್ತು. ಆ ಸಲ ನನಗಾಗಿ ಒಂದು ಹೊಲಿದು ಮುಗಿಸುವುದರಲ್ಲಿದ್ದಳು. ಕೆಳಪದರ ಅಪ್ಪನ ಹಳೆಯ ಧೋತರಗಳದು, ಅಲ್ಲಲ್ಲಿ ಮೇಲೂ ಅದರ ಬಿಳಿ ಕಾಣುತ್ತಿತ್ತು. ಮೇಲಿನ ಬಣ್ಣದ ತುಂಡುಗಳೆಲ್ಲ ಅವಳ ಮದುವೆಯ ಸೀರೆ ಕುಪ್ಪಸಗಳವು: ಇಳಕಲ್ಲಿನ ಕೆಂಪು ಸೆರಗು, ಗಿಳಿಹಸಿರು, ಗುಳೇದಗುಡ್ಡದ ಖಣದ ಅಂಚು. ಅವಳು ಮತ್ತೆಂದೂ ಉಡುವಂತಿರದ ಬಣ್ಣಗಳು.

ನಮ್ಮ ಕಡೆ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಡುವೆ ಅಂಗೈಯಷ್ಟು ಜಾಗ ಬಿಟ್ಟು, ಅದರೊಳಗೆ ಹೋಳಿಗೆಯ ಚೂರುಗಳನ್ನಿಟ್ಟು, ಆಮೇಲೆ ಕೊನೆಯ ತುಂಡು ಹಾಕಿ ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಅಕ್ಕ ಅಂದು ಹೋಳಿಗೆ ಮಾಡಿ ನನಗೊಂದು ಕೊಟ್ಟಳು, ಕೌದಿಗೆ ಐದು ಚೂರು ಇಟ್ಟಳು.

“ಹಸದ ಕೌದಿ ಹೊಚ್ಗಂಡ್ರ ಹೊಚ್ಗಂಡವ್ರಿಗೂ ಹಸಿವು ತಪ್ಪಂಗಿಲ್ಲ ತಮ್ಮಾ,” ಎಂದಳು. “ಅಲ್ಲಿ ಭಾಳ ಥಂಡಿ ಅಂತಾರ. ನಾಚ್ಕಿ ಪಡಬ್ಯಾಡ, ಹೊಚ್ಗ.”

ನಾಚಿಕೆ ಎಂಬ ಮಾತು ಅವಳಿಗೆ ಹೇಗೆ ಹೊಳೆಯಿತೋ ತಿಳಿಯದು. ನನಗಂತೂ ಆಗಲೇ ನಾಚಿಕೆಯಾಗಿತ್ತು. ಲಂಡನ್ನಿಗೆ ಹೋಗುವ ಕಲಾವಿದನ ಬಗಲಲ್ಲಿ ಚಿಂದಿಯ ಗಂಟು!

ಗಾದಿಗನೂರು ದಾಟಿ

ರೈಲು ಹೊಸಪೇಟೆ ಬಿಟ್ಟು ಗಾದಿಗನೂರು ದಾಟುವುದರೊಳಗೆ ಮೊದಲ ಅವಘಡ. ಸಾಹುಕಾರರು ನೀರಿಗೆಂದು ಕೈಚಾಚಿ ಹೂಜಿಯನ್ನೇ ಉರುಳಿಸಿದರು. ನೀರು ಹೋಗಿ ಬಿದ್ದದ್ದು ನನ್ನ ಚಿತ್ರಗಳ ಕಟ್ಟಿನ ಮೇಲೆ. ಮೇಲಿನ ಕಾಗದವೆಲ್ಲ ಹಸಿಯಾಗಿ ಹರಿಯಿತು, ಪುಣ್ಯಕ್ಕೆ ಒಳಗಿನ ಇಪ್ಪತ್ತೆರಡು ಚಿತ್ರಗಳು ಉಳಿದವು. ಬೇರೆ ಏನೂ ಸಿಗದೆ ಅವನ್ನು ಕೌದಿಯಲ್ಲಿ ಸುತ್ತಿ ಹಗ್ಗ ಬಿಗಿದೆ.

ಹಡಗಿನಲ್ಲಿ ಅದನ್ನು ಬಿಚ್ಚಲೇ ಇಲ್ಲ. ನಮ್ಮ ಕೋಣೆ ನೋಡಿಕೊಳ್ಳುವ ಗೋವೆಯವನು ಒಮ್ಮೆ ಅದನ್ನು ಬೆರಳ ತುದಿಯಿಂದ ಎತ್ತಿ, ಒಗೆಯಲು ಕೊಡಲೇ ಎಂದು ಕೇಳಿದ. ಬೇಡ, ಅದು ಬರೀ ಕಟ್ಟುವ ಬಟ್ಟೆ ಎಂದೆ. ಕೆಂಪು ಸಮುದ್ರ ದಾಟಿದ ಮೇಲೆ ಚಳಿ ಶುರುವಾಯಿತು. ಹಡಗು ಕಂಪನಿಯವರ ಕಂಬಳಿ ಮುಳ್ಳುಮುಳ್ಳು. ರಾತ್ರಿಯೆಲ್ಲ ಮೈ ತುರಿಸಿಕೊಂಡು ಮಲಗಿದೆನೇ ಹೊರತು ಆ ಹಗ್ಗ ಬಿಚ್ಚಲಿಲ್ಲ. ಸಾಹುಕಾರರು ತಮ್ಮ ಊರಿನ ಕರಿಕಂಬಳಿ ಹೊದ್ದು ನೆಮ್ಮದಿಯಾಗಿ ಗೊರಕೆ ಹೊಡೆದರು.

ಲಂಡನ್: ದೊರೆಸಾನಿಯ ಅಂಗಡಿ

ಸಾಹುಕಾರರನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ, ಆಪರೇಷನ್ನಿಗೆ ಮೂರು ವಾರ ಕಾಯಬೇಕೆಂದು ಕೇಳಿಸಿಕೊಂಡು, ಮರುದಿನ ನಾನು ಗ್ಯಾಲರಿ ಹುಡುಕಿಕೊಂಡು ಹೋದೆ.

ಹೊಸಪೇಟೆಯ ಬಟ್ಟೆ ಅಂಗಡಿಗೆ ಹೋದರೆ ‘ಬರ್ರಿ, ಕುಂದ್ರಿ, ನೀರು ಕುಡೀರಿ’ ಎಂದು, ಕೇಳದಿದ್ದರೂ ಹತ್ತು ಸೀರೆ ಹರವುತ್ತಾರೆ. ಇಲ್ಲಿ ಕಿಟಕಿಯಲ್ಲಿ ಒಂದೇ ಒಂದು ಚಿತ್ರ. ಮಾಲು ಖಾಲಿಯಾಗಿದೆಯೇನೋ ಎಂದುಕೊಂಡೆ. ಒಳಗೆ ಸುಣ್ಣ ಬಳಿದಂಥ ಬಿಳಿ ಗೋಡೆಗಳು, ಮಾರಿಗೊಂದು ಚಿತ್ರ. ಬಂದವರನ್ನು ಯಾರೂ ಮಾತನಾಡಿಸುವುದಿಲ್ಲ. ಬಂದವರೂ ದರ ಕೇಳುವುದಿಲ್ಲ. ಕೇಳಿದವರು ಕೊಳ್ಳುವ ಕುಳವಲ್ಲವೆಂದು ಲೆಕ್ಕವಂತೆ. ತಲೆ ಓರೆ ಮಾಡುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಮತ್ತೆ ಮುಂದೆ ಬಂದು ಮೂಗು ತಾಗುವಷ್ಟು ಬಗ್ಗುತ್ತಾರೆ. ನಾವು ಎತ್ತು ಕೊಳ್ಳುವಾಗ ಕೂಡ ಇಷ್ಟು ನೋಡುವುದಿಲ್ಲ. ನಾವು ಹಲ್ಲನ್ನಾದರೂ ಎಣಿಸುತ್ತೇವೆ.

ದೊರೆಸಾನಿಗೆ ನನ್ನ ಗುರುತು ಸಿಗಲಿಲ್ಲ. ಹಂಪಿ ಎಂದೆ, ಬಂಡೆ ಎಂದೆ, ಅವಳೇ ಕೊಟ್ಟ ಚೀಟಿ ತೋರಿಸಿದೆ. ಕೊನೆಗೆ “ಓ” ಎಂದಳು. ಆ ವಾರ ಆರು ಕಲಾವಿದರ ಹೊಸ ಪ್ರದರ್ಶನಕ್ಕೆ ಸಿದ್ಧತೆ ನಡೆದಿತ್ತು. ಅವರಲ್ಲೊಬ್ಬ ಜಗಳವಾಡಿ ತನ್ನ ಚಿತ್ರ ಹೊತ್ತುಕೊಂಡು ಹೋಗಿದ್ದ. ಒಂದು ದೊಡ್ಡ ಗೋಡೆ ಬರಿದಾಗಿ ನಿಂತಿತ್ತು. ನನ್ನ ಕಣ್ಣು ಆ ಗೋಡೆಯ ಮೇಲೆ ಬಿದ್ದದ್ದನ್ನು ಅವಳೂ ನೋಡಿದಳು.

“ತೋರಿಸಿ,” ಎಂದಳು.

ಕೌದಿ ಬಿಚ್ಚಿ ನೆಲಕ್ಕೆ ಹಾಸಿ, ಅದರ ಮೇಲೆ ಇಪ್ಪತ್ತೆರಡೂ ಚಿತ್ರಗಳನ್ನು ಒಂದೊಂದಾಗಿ ಹರವಿದೆ. ಹನ್ನೆರಡು ವರ್ಷದ ಭಾನುವಾರಗಳು ಅವು. ಅವಳು ಇಸ್ಪೀಟು ಎತ್ತುವಂತೆ ನಾಲ್ಕೈದನ್ನು ಎತ್ತಿ ಇಟ್ಟಳು.

“ಕೈ ಹದವಾಗಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ರಜೆ ಸಿಕ್ಕ ಪಾದ್ರಿಗಳೆಲ್ಲ ಹೀಗೇ ಬರೆಯುತ್ತಾರೆ. ನೀವು ನಮ್ಮ ಕಡೆಯ ಪುಸ್ತಕ ನೋಡಿ ಕಲಿತಿರಿ, ಅಲ್ಲವೇ?”

ಹೌದು, ಪುಸ್ತಕ ನೋಡಿಯೇ ಕಲಿತದ್ದು. ಇನ್ನಾರು ಕಲಿಸಬೇಕಿತ್ತು? ಚಿತ್ರಗಳನ್ನು ಎತ್ತಿಕೊಳ್ಳಲು ಬಗ್ಗಿದೆ. ಅಷ್ಟರಲ್ಲಿ ಅವಳ ದೃಷ್ಟಿ ಚಿತ್ರಗಳ ಕೆಳಗೆ ಹೋಯಿತು. ನನ್ನ ಚಿತ್ರಗಳನ್ನು ಕಾಲಿನಿಂದಲೇ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕೆಂಪು ಸೆರಗಿನ ತುಂಡು, ಹಸಿರು, ಮತ್ತೆ ಓರೆಯಾಗಿ ಒಂದು ಹಳದಿ. ಬಗ್ಗಿ ನೋಡಿದಳು. ಸಹಾಯಕಿಯನ್ನು ಕರೆದಳು. ಇಬ್ಬರೂ ಸೇರಿ ಕೌದಿಯನ್ನು ಎತ್ತಿ ಬರಿದಾದ ಗೋಡೆಗೆ ಹಿಡಿದರು.

“ಇದನ್ನು ಮಾಡಿದವರು ಯಾರು?”

ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವೇ? ನಮ್ಮಕ್ಕ, ಎನ್ನಬೇಕಿತ್ತು, ಅಷ್ಟೆ. ನನ್ನ ಇಪ್ಪತ್ತೆರಡು ಚಿತ್ರ ದೊರೆಸಾನಿಯ ಬೂಟಿನ ಹತ್ತಿರ ಬಿದ್ದಿದ್ದವು. ನನ್ನ ಹನ್ನೆರಡು ವರ್ಷದಲ್ಲಿ ಯಾರೂ ನನ್ನ ಕೆಲಸವನ್ನು ಹೀಗೆ ಕಣ್ಣರಳಿಸಿ ನೋಡಿರಲಿಲ್ಲ. ಹೊಟ್ಟೆಕಿಚ್ಚೋ, ಸೊಕ್ಕೋ, ಬರಿಗೈಯಲ್ಲಿ ಊರಿಗೆ ಹೋಗಬೇಕಲ್ಲ ಎಂಬ ಹೆದರಿಕೆಯೋ, ಎಲ್ಲವೂ ಇದ್ದವು.

“ನಾನೇ,” ಎಂದೆ.

ಪ್ರದರ್ಶನದ ದಿನ

ಅಚ್ಚಾದ ಪಟ್ಟಿಯಲ್ಲಿ ಕೌದಿಗೆ ‘ರಚನೆ’ ಎಂದು ಹೆಸರಿಟ್ಟಿದ್ದರು, ಕೆಳಗೆ ನನ್ನ ಹೆಸರು. ಇಂಡಿಯಾದ ಹಾಳು ನಗರವೊಂದರ ನಡುವೆ ಬದುಕುವ ಕಲಾವಿದ ಎಂದು ಎರಡು ಸಾಲು. ಹೊಸಪೇಟೆಯ ಪಟೇಲರ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಬದುಕುವವನು ಎಂದು ತಿದ್ದುವ ಧೈರ್ಯ ನನಗೆಲ್ಲಿಂದ ಬರಬೇಕು?

ಆ ಸಂಜೆ ಸುಮಾರು ಎಪ್ಪತ್ತು ಜನ ಬಂದರು. ಗ್ಲಾಸು ಹಿಡಿದು, ಚಿತ್ರಗಳಿಗೆ ಬೆನ್ನು ಕೊಟ್ಟು, ಒಬ್ಬರನ್ನೊಬ್ಬರು ನೋಡಿಕೊಂಡು ಮಾತನಾಡಿದರು. ಮೊದಲ ದಿನ ಚಿತ್ರ ನೋಡುವುದು ಅಲ್ಲಿ ಒಳ್ಳೆಯ ನಡತೆ ಅಲ್ಲವೆಂದು ಕಾಣುತ್ತದೆ. ಕೌದಿಯ ಮುಂದೆ ಮಾತ್ರ ಗುಂಪು ಕರಗಲಿಲ್ಲ. ಒಬ್ಬ ಗಡ್ಡದವನು ಆ ಕೆಂಪು ತುಂಡಿನಲ್ಲಿ ಯುದ್ಧ ಕಾಣುತ್ತದೆ ಎಂದ. ಅದು ಅಕ್ಕನ ಸೆರಗು. ಇನ್ನೊಬ್ಬಾಕೆ ಆ ಬಿಳಿ ಖಾಲಿತನ ಧೈರ್ಯದ್ದು ಎಂದಳು. ಅದು ಅಪ್ಪನ ಧೋತರ. ಎಲ್ಲದಕ್ಕೂ ನಾನು ತಲೆಯಾಡಿಸಿದೆ.

ರುದ್ರಪ್ಪ ಸಾಹುಕಾರರನ್ನು ಕೋಣೆಯಲ್ಲಿ ಒಬ್ಬರನ್ನೇ ಬಿಡಲಾರದೆ ಕರೆತಂದಿದ್ದೆ. ಒಂದು ಮೂಲೆಯ ಕುರ್ಚಿಯಲ್ಲಿ ಕೂರಿಸಿ ನಾನು ಯಾರೊಡನೆಯೋ ಮಾತಿಗೆ ನಿಂತೆ. ತಿರುಗಿ ನೋಡಿದರೆ ಕುರ್ಚಿ ಖಾಲಿ. ಅವರು ಗೋಡೆ ಹಿಡಿದುಕೊಂಡು ನಡೆಯುತ್ತ ಬಂದು, ಮುಟ್ಟಬಾರದೆಂದು ಬರೆದಿದ್ದ ಹಲಗೆಯನ್ನೂ ದಾಟಿ, ಕೌದಿಗೆ ಅಂಗೈ ಹಚ್ಚಿ ನಿಂತಿದ್ದರು. ಎಲ್ಲರೂ ಆ ಕಡೆ ತಿರುಗಿದರು. ಅವರ ಬೆರಳು ಹೊಲಿಗೆಯ ಮೇಲೆ ಹರಿದು ನಡುವಿಗೆ ಬಂದು, ಹೊಟ್ಟೆಯ ಗಂಟಿನ ಮೇಲೆ ನಿಂತಿತು.

“ಮಾಸ್ತರ್ರ,” ಎಂದರು ದೊಡ್ಡ ದನಿಯಲ್ಲಿ, “ಇದು ಕೌದಿ ಅಲ್ಲೇನ್ರಿ? ಹೋಳಿಗಿ ಐತಿ ಒಳಗ. ಇದ್ಯಾಕ ಗ್ವಾಡಿಗೆ ಜೋತುಬಿಟ್ಟಾರ? ಒಣಾಕ್ಕೇನು?”

ಪುಣ್ಯಕ್ಕೆ ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ನಾನು ಓಡಿ ಹೋಗಿ ಅವರ ಕೈ ಹಿಡಿದೆ. “ಸುಮ್ನಿರ್ರಿ ಸಾಹುಕಾರ್ರ, ಆಮ್ಯಾಲೆ ಹೇಳ್ತೀನಿ.”

“ಯಾರು ಹೊಲದದ್ದು?”

ಅವರ ಮಂಜುಗಣ್ಣು ನನ್ನ ಮುಖದ ಕಡೆಗೇ ಇದ್ದವು. “ಏನು ಹೇಳಿದರು?” ಎಂದು ದೊರೆಸಾನಿ ಕೇಳಿದಳು. “ಇದನ್ನು ಮುಟ್ಟಿದರೆ ಊರಿನ ನೆನಪಾಗುತ್ತದಂತೆ,” ಎಂದೆ. ಎಲ್ಲರೂ ಮೆಚ್ಚಿ ಗುಸುಗುಸು ಎಂದರು. ಕುದುರೆಗಾಡಿಯಲ್ಲಿ ವಾಪಸು ಬರುವಾಗ ಸಾಹುಕಾರರಿಗೆ ಎಲ್ಲವನ್ನೂ ಹೇಳಬೇಕಾಯಿತು.

“ನಾ ಕುರುಡ ಅದೀನ್ರಿ ಮಾಸ್ತರ್ರ,” ಎಂದರು ಅವರು ಕೊನೆಗೆ. “ನಾ ಏನೂ ನೋಡಿಲ್ಲ. ಆದ್ರ ನಿಮಗ ಕಣ್ಣು ಚಲೋ ಅದಾವಲ್ರಿ.”

ಮುಂದಿನ ಮೂರು ವಾರ ಅವರು ಬೇಕಾದ ಮಾತು ಬಿಟ್ಟು ಬೇರೆ ಮಾತನ್ನು ನನ್ನೊಡನೆ ಆಡಲಿಲ್ಲ.

ಮರುದಿನ

ಬೆಳಿಗ್ಗೆ ಹೋದಾಗ ಕೌದಿಯ ಪಕ್ಕದಲ್ಲಿ ಗೋಡೆಗೆ ಒಂದು ಸಣ್ಣ ಕೆಂಪು ಬೊಟ್ಟು ಅಂಟಿಸಿದ್ದರು. ಒಂದು ಗಳಿಗೆ ನನಗೆ ಸಂತೋಷವಾಯಿತು. ಇವರಿಗೂ ಕುಂಕುಮ ಇಡುವ ಮರ್ಯಾದೆ ಗೊತ್ತಿದೆಯಲ್ಲ ಎಂದುಕೊಂಡೆ. ಅದು ಮಾರಾಟವಾಯಿತು ಎಂಬುದಕ್ಕೆ ಗುರುತಂತೆ.

ಕೊಂಡವನು ಊಟದ ಮನೆಗೆ ದೊಡ್ಡ ದೊಡ್ಡ ಚಿತ್ರ ಹಾಕಿಸಿಕೊಂಡಿರುವ ಶ್ರೀಮಂತ. ಕೌದಿಯನ್ನು ಹಲಗೆಗೆ ಬಿಗಿದು, ಮೇಲೆ ಗಾಜು ಹಾಕಿ, ಕಟ್ಟು ಹಾಕಿಸುವುದೆಂದು ನಿಶ್ಚಯವಾಗಿತ್ತು. ಆದರೆ ನಡುವಿನ ಗಂಟು ಗಾಜಿಗೆ ತಾಗುತ್ತದೆ. ಅದೇನೆಂದು ದೊರೆಸಾನಿ ಕೇಳಿದಳು. ಹೇಳಿದೆ. ನಮ್ಮಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡುವುದಿಲ್ಲ ಎಂದೆ.

“ಎಷ್ಟು ಚೆಂದ!” ಎಂದಳು. ಪೆನ್ಸಿಲು ತೆಗೆದು ನನ್ನ ಮಾತನ್ನು ಬರೆದುಕೊಂಡಳು, ಪತ್ರಿಕೆಯವರಿಗೆ ಕೊಡಲು. ಬರೆದು ಮುಗಿಸಿ ಮೇಜಿನ ಮೇಲಿನ ಕತ್ತರಿ ನನ್ನ ಕೈಗೆ ಕೊಟ್ಟಳು. “ತೆಗೆದುಬಿಡಿ. ಇಲಿ ಬರುತ್ತವೆ. ನೀವೇ ಮಾಡಿದ್ದಲ್ಲವೇ, ನಿಮಗೇ ಸರಿಯಾಗಿ ಬಿಚ್ಚಲು ಬರುತ್ತದೆ.”

ಆಗಲೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅವಳು ಕೈಗಡಿಯಾರ ನೋಡಿಕೊಂಡಳು. ನಾನು ನೆಲಕ್ಕೆ ಮಂಡಿಯೂರಿ ಅಕ್ಕನ ಕೊನೆಯ ಹೊಲಿಗೆಗೆ ಕತ್ತರಿ ಹಾಕಿದೆ. ಎಂಥ ಹೊಲಿಗೆ ಅದು! ಅಕ್ಕಿಕಾಳಿನಂಥ ಒಂದೊಂದು ಎಳೆಯೂ ಕತ್ತರಿಗೆ ಎದುರಾಡಿತು. ಐದೂ ಚೂರು ಕೈಗೆ ಬಂದವು, ಹೆಂಚಿನ ತುಂಡಿನಂತೆ ಗಟ್ಟಿ. ಸಹಾಯಕಿ ಕಸದ ಬುಟ್ಟಿ ಮುಂದೆ ಹಿಡಿದಳು. ನಾನು ಅವನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಬಾಯಿ ಬಿಟ್ಟುಕೊಂಡ ಜಾಗವನ್ನು ಮುಚ್ಚಲು ಹೋಗಿ ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಕೊನೆಗೆ ಸಹಾಯಕಿಯೇ ನಕ್ಕು ಸೂಜಿ ಕಸಿದುಕೊಂಡು ಹೊಲಿದಳು. ಅವಳಿಗೆ ಆಗಲೇ ಗೊತ್ತಾಗಿರಬೇಕು. ಗೊತ್ತಾದರೂ ಅಲ್ಲಿ ಯಾರಿಗೇನು ನಷ್ಟ?

ಹೊರಗೆ ಬಂದು ಮಂಜಿನಲ್ಲಿ ನಡೆಯುತ್ತ ಒಂದು ಚೂರನ್ನು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಬಗ್ಗಲಿಲ್ಲ. ದವಡೆಯಲ್ಲಿಟ್ಟುಕೊಂಡು ಎರಡು ಬೀದಿ ನಡೆದ ಮೇಲೆ ಮೆತ್ತಗಾಯಿತು. ಬೆಲ್ಲ, ಏಲಕ್ಕಿ, ಸ್ವಲ್ಪ ಹಳೆಯ ಬಟ್ಟೆಯ ವಾಸನೆ. ಎದುರು ಬಂದವರು ನೋಡುತ್ತಿದ್ದರೂ ನನಗೆ ಅಳು ತಡೆಯಲಾಗಲಿಲ್ಲ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಸಾಹುಕಾರರಿಗೆ ಒಂದು ಕಣ್ಣು ಬಂತು. ನನ್ನ ಇಪ್ಪತ್ತೆರಡು ಚಿತ್ರಗಳನ್ನು ಲಂಡನ್ನಿನ ಹಳೆಯ ಪತ್ರಿಕೆಗಳಲ್ಲಿ ಸುತ್ತಿಕೊಂಡು ಇಬ್ಬರೂ ಹಡಗು ಹತ್ತಿದೆವು.

ಹೊಸಪೇಟೆ

ಕೌದಿ ಹಡಗಿನಲ್ಲಿ ಕಳೆದುಹೋಯಿತೆಂದು ಅಕ್ಕನಿಗೆ ಹೇಳಿದೆ. “ಹೋಗ್ಲಿ ಬಿಡು, ಯಾರಿಗಾರ ಸಿಕ್ಕಿರ್ತತಿ, ಹೊಚ್ಗಂತಾರ,” ಎಂದಳು.

ತಿಂಗಳೆರಡಾದ ಮೇಲೆ ದೊರೆಸಾನಿ ಶಾಲೆಯ ವಿಳಾಸಕ್ಕೆ ಪತ್ರಿಕೆಯ ತುಣುಕೊಂದನ್ನು ಕಳಿಸಿದಳು. ಕೌದಿಯ ಅರ್ಧ ಪುಟದ ಫೋಟೋ, ಕೆಳಗೆ ನನ್ನ ಹೆಸರು. ಲಕೋಟೆ ಒಡೆದದ್ದು ಹೆಡ್ಮಾಸ್ತರರು. ಅವರ ಸಂಭ್ರಮ ಹೇಳತೀರದು. ನಾನು ಬೇಡವೆಂದಷ್ಟೂ ಅದು ವಿನಯವೆಂದು ತಿಳಿದು ಸನ್ಮಾನದ ಸಭೆಯನ್ನೇ ಕೂಡಿಸಿದರು. ಕಂಪ್ಲಿಗೆ ಆಳು ಕಳಿಸಿ ಅಕ್ಕನನ್ನೂ ಕರೆಸಿದರು. ಹಾರ ಬಿತ್ತು, ಭಾಷಣವಾಯಿತು. ಪತ್ರಿಕೆಯ ತುಣುಕು ಕೈಯಿಂದ ಕೈಗೆ ದಾಟುತ್ತ ಹೆಂಗಸರ ಸಾಲಿಗೆ ಬಂತು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಮಡಿಚಿ ಪಕ್ಕದವಳಿಗೆ ಕೊಟ್ಟು, ಕೈ ಕಟ್ಟಿಕೊಂಡು, ಸಭೆ ಮುಗಿಯುವವರೆಗೂ ಕೂತಿದ್ದಳು.

ಕೋಣೆಗೆ ಬಂದ ಮೇಲೆ ನಾನೇ ಬಾಯಿಬಿಟ್ಟೆ. ದೊರೆಸಾನಿ ಕೇಳಿದ್ದು, ನಾನು ಹೇಳಿದ್ದು, ಕತ್ತರಿ, ಹೋಳಿಗೆ, ಒಂದನ್ನೂ ಬಿಡಲಿಲ್ಲ. ಬೈಯುತ್ತಾಳೆಂದು ಕಾದೆ. ಬೈದರೆ ಸಾಕೆಂದು ಕಾದೆ.

“ಹೆಸರಿಗೇನಾತು ಬಿಡು ತಮ್ಮಾ,” ಎಂದಳು. “ನಿಂದಾದ್ರೇನು, ನಂದಾದ್ರೇನು. ನನ್ನ ಹೆಸರು ತಗಂಡು ಅವ್ರೇನು ಮಾಡ್ತಾರ.”

ನನ್ನ ಎದೆಯ ಭಾರ ಇಳಿಯಿತು. ಅಷ್ಟು ಸುಲಭವಾಗಿ ಇಳಿಯಿತೆಂಬುದನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ.

ಆಮೇಲೆ ಅಕ್ಕನೇ ಕೇಳಿದಳು. “ಈಗ ಅದನ್ನ ಯಾರು ಹೊಚ್ಗಂತಾರ?”

“ಯಾರೂ ಇಲ್ಲಕ್ಕ. ಗಾಜು ಹಾಕಿ ಗ್ವಾಡಿಗೆ ಹಾಕ್ಯಾರ. ನೋಡಾಕ.”

“ಥಂಡಿ ದೇಶ ಅಂದಿ?”

“ಹ್ಞೂಂ.”

“ಮನಿಯಾಗ ಮಕ್ಳಿಲ್ಲೇನು ಅವ್ರಿಗೆ? ಮುದುಕ್ರಿಲ್ಲ?”

“ಇದ್ರೂ ಅದನ್ನ ಹೊಚ್ಗಳಂಗಿಲ್ಲಕ್ಕ. ಮುಟ್ಟಂಗೂ ಇಲ್ಲ.”

ಅಕ್ಕನ ಮುಖ ಆಗ ಬದಲಾಯಿತು.

“ಇಪ್ಪತ್ತು ವರ್ಷ ಆ ಸೀರಿ ಪೆಟಿಗ್ಯಾಗ ಇದ್ವು. ನಾ ಉಡಂಗಿಲ್ಲ, ಕೊಟ್ರ ಯಾರೂ ತಗಣಂಗಿಲ್ಲ, ನಾ ಉಟ್ಟದ್ದು ಅಂತ. ನಮ್ಮ ಮನಿ ಮನುಷ್ಯ ಒಬ್ಬನ ಮೈಮ್ಯಾಲರ ಬೀಳ್ಲಿ ಅಂತ ಧೈರ್ಯ ಮಾಡಿ ಕತ್ರಿ ಹಾಕಿದ್ನೋ. ನೀ ಅವನ್ನ ತಗಂಡು ಹೋಗಿ ಮತ್ತ ಪೆಟಿಗ್ಯಾಗ ಇಟ್ಟು ಬಂದ್ಯಲ್ಲ.”

ಮರುದಿನ ಬೆಳಿಗ್ಗೆ ಅವಳು ಕಂಪ್ಲಿಯ ಗಾಡಿ ಹತ್ತಿದಳು. ಅಲ್ಲಿಂದೀಚೆಗೆ ಮುನಿಸಿಲ್ಲ, ಹೋದರೆ ಊಟಕ್ಕೆ ಬಡಿಸುತ್ತಾಳೆ, ಕ್ಷೇಮ ಕೇಳುತ್ತಾಳೆ. ಆದರೆ ಚಳಿಗಾಲ ಬರುವ ಮುಂಚೆ ‘ಕೌದಿಗೆ ಹಳೇ ಧೋತರ ಇದ್ರ ಕೊಡು ತಮ್ಮಾ’ ಎಂದು ಪ್ರತಿವರ್ಷ ಕೇಳುತ್ತಿದ್ದವಳು, ಈ ಎರಡು ವರ್ಷ ಕೇಳಿಲ್ಲ.